ಅಜ್ಜನ ಒಮೆಗಾ ಅಸಲಿಯೋ ನಕಲಿಯೋ: ಎರಡೂವರೆ ತಿಂಗಳ ಓಡಾಟ

ಹೋದ ವಾರ ಅಜ್ಜನ ವಾಚು ಕೊನೆಗೂ ಮನೆಗೆ ಬಂತು. ಎರಡೂವರೆ ತಿಂಗಳು ಅದರ ಬೆನ್ನು ಹತ್ತಿ ಅಡ್ಡಾಡಿದ್ದೇನೆ. ಬೆಳಗಾವಿಯ ಖಡೇಬಜಾರಿನಿಂದ ಬೆಂಗಳೂರಿನವರೆಗೆ ಎಷ್ಟು ಕೌಂಟರಿನ ಮುಂದೆ ನಿಂತೆನೋ ಅಷ್ಟು ಬಗೆಯ ಉತ್ತರ ಸಿಕ್ಕವು. ನಮ್ಮ ಕಡೆ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂಥದೊಂದು ವಾಚು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಅದನ್ನು ಹೊರಗೆ ತೆಗೆಯುವವರಿಗೆ ಉಪಯೋಗವಾಗಲಿ ಎಂದು ನೆನಪು ಹಸಿ ಇರುವಾಗಲೇ ಬರೆಯುತ್ತಿದ್ದೇನೆ.

ನಮ್ಮದು ಒಮೆಗಾ ಸೀಮಾಸ್ಟರ್. ಅಜ್ಜ ಬೆಳಗಾವಿಯ ಶಹಾಪುರದಲ್ಲಿ ಸೀರೆ ವ್ಯಾಪಾರ ಮಾಡಿಕೊಂಡಿದ್ದವರು. 1959ರಲ್ಲೋ 60ರಲ್ಲೋ ಕೊಂಡದ್ದಂತೆ. ಆಗ ಗೋವಾ ಇನ್ನೂ ಪೋರ್ತುಗೀಸರ ಕೈಯಲ್ಲಿತ್ತು, ನಮ್ಮಲ್ಲಿ ಸಿಗದ ಪರದೇಶದ ಮಾಲು ಅಲ್ಲಿ ಸಿಗುತ್ತಿತ್ತು. ಅದು ಘಟ್ಟ ಹತ್ತಿ ಬೆಳಗಾವಿಗೆ ಹೇಗೆ ಬಂತು ಎಂಬುದನ್ನು ಅಜ್ಜ ಸಾಯುವತನಕ ಯಾರ ಮುಂದೂ ಬಾಯಿ ಬಿಡಲಿಲ್ಲ. ಹೀಗಾಗಿ ಬಿಲ್ಲಿಲ್ಲ, ಪೆಟ್ಟಿಗೆಯಿಲ್ಲ, ಗ್ಯಾರಂಟಿ ಕಾರ್ಡೂ ಇಲ್ಲ. ಅಜ್ಜನಿಂದ ಅಪ್ಪನ ಕೈಗೆ ಬಂತು. ಅಪ್ಪ ಸಾಲಿಗೆ ಹೋಗುವಾಗ ಎಚ್‌ಎಂಟಿ ಕಟ್ಟುತ್ತಿದ್ದರು, ಮದುವೆ ಮುಂಜಿಗಷ್ಟೇ ಇದು. ಉಳಿದ ದಿನ ಕುಂದಾ ಸಿಹಿಯ ಹಳೆಯ ತಗಡಿನ ಡಬ್ಬಿಯಲ್ಲಿ ಇರುತ್ತಿತ್ತು.

ಅಪ್ಪ ಹೋಗಿ ವರ್ಷ ತುಂಬಿದ ಮೇಲೆ ಪುಣೆಯಿಂದ ಬಂದ ತಮ್ಮ ಅದರ ಫೋಟೋ ತೆಗೆದುಕೊಂಡು ಹೋದ. ನಾಲ್ಕು ದಿನಕ್ಕೆ ಫೋನು: "ಅಕ್ಕಾ, ಒರಿಜಿನಲ್ ಇದ್ರ ತೊಂಬತ್ತು ಸಾವಿರ ಕೊಡ್ತೀನಿ ಅನ್ನಾವ ಒಬ್ಬ ಸಿಕ್ಕಾನ. ಆದ್ರ ಪ್ರೂಫ್ ಬೇಕಂತ." ಅವ್ವ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿಯೂ ಕೇಳದ ಹಾಗೆ ಇದ್ದಳು. ನಮ್ಮ ಮನೆಯಲ್ಲಿ ಆ ವಾಚಿಗೆ ಪ್ರೂಫ್ ಕೇಳಿದವರು ಅದೇ ಮೊದಲು.

ಮೊದಲ ವಾರ ನಾನು ಮಾಡಿದ್ದೆಲ್ಲ ದಡ್ಡತನ. ಸೆಕೆಂಡಿನ ಮುಳ್ಳು ಟಕ್ ಟಕ್ ಎಂದು ಜಿಗಿಯದೆ ಜಾರಿಕೊಂಡು ಹೋದರೆ ಅಸಲಿ ಎಂದು ಎಲ್ಲೋ ಓದಿ ಖುಷಿಪಟ್ಟೆ. ಇದು ಅರ್ಧ ಸುಳ್ಳು. ಬ್ಯಾಟರಿಯ ಅಗ್ಗದ ನಕಲಿ ಟಕ್ ಟಕ್ ಎನ್ನುತ್ತದೆ, ನಿಜ. ಆದರೆ ಈಗಿನ ನಕಲಿಗಳ ಒಳಗೂ ಆಟೋಮ್ಯಾಟಿಕ್ ಯಂತ್ರವೇ ಇರುತ್ತದೆ, ಅವೂ ಜಾರುತ್ತವೆ. ಆಮೇಲೆ ಮೈಮೇಲೆಲ್ಲ ಸೀರಿಯಲ್ ನಂಬರ್ ಹುಡುಕಿದೆ. ಎಲ್ಲೂ ಕಾಣಲಿಲ್ಲ. ನಕಲಿಯೇ ಇರಬೇಕು ಎಂದು ಒಂದು ರಾತ್ರಿ ನಿದ್ದೆ ಬರಲಿಲ್ಲ. ಆ ಕಾಲದ ಒಮೆಗಾಗಳಲ್ಲಿ ನಂಬರ್ ಒಳಗಿನ ಯಂತ್ರದ ಮೇಲೆ ಇರುತ್ತದೆ, ಹಿಂದಿನ ಮುಚ್ಚಳ ತೆಗೆಯದೆ ಕಾಣುವುದಿಲ್ಲ ಎಂದು ತಿಳಿದದ್ದು ಆಮೇಲೆ. ರೋಲೆಕ್ಸಿನ ಲೆಕ್ಕ ಬೇರೆ: ಹಳೆಯವುಗಳಲ್ಲಿ ಪಟ್ಟಿ ಸೇರುವ ಕೊಂಬುಗಳ ನಡುವೆ, ಈಚಿನವುಗಳಲ್ಲಿ ಗಾಜಿನ ಒಳಗಿನ ಉಂಗುರದ ಮೇಲೆ 6ರ ಹತ್ತಿರ. ಒಂದು ಕಂಪನಿಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿ ನೋಡಿ ನನ್ನ ಹಾಗೆ ನಿದ್ದೆಗೆಡಬೇಡಿ.

ಅಂಗಡಿಗಳ ಕತೆ ಉದ್ದ ಮಾಡುವುದಿಲ್ಲ. ಹೊಸ ವಾಚು ಮಾರುವ ಒಂದು ದೊಡ್ಡ ಅಂಗಡಿಯಲ್ಲಿ "ನಮ್ಮಲ್ಲಿ ಕೊಂಡಿದ್ದಲ್ಲ ಮೇಡಂ" ಎಂದು ಮುಟ್ಟಲೇ ಇಲ್ಲ. ಇನ್ನೊಂದರಲ್ಲಿ ಮುಟ್ಟಿದರು, ಹತ್ತು ಸೆಕೆಂಡು ತಿರುಗಿಸಿ ನೋಡಿ "ಡುಪ್ಲಿಕೇಟ್" ಎಂದರು. ಮರುಕ್ಷಣವೇ "ಕೊಡೂದಿದ್ರ ನಾಲ್ಕು ಸಾವಿರ ಕೊಡ್ತೀನ್ರಿ" ಎಂದೂ ಕೇಳಿದರು. ಡುಪ್ಲಿಕೇಟ್ ಆಗಿದ್ದರೆ ನಾಲ್ಕು ಸಾವಿರ ಯಾಕೆ? ಡಬ್ಬಿ ಮುಚ್ಚಿಕೊಂಡು ಬಂದೆ. ಮುಚ್ಚಳ ತೆಗೆಯದೆ ತೀರ್ಪು ಕೊಡುವವನು ಕೊಳ್ಳಲು ಕೈ ಚಾಚಿದರೆ ಅಲ್ಲಿಂದ ಎದ್ದು ಬನ್ನಿ.

ಬ್ಯಾಂಕಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಖಡೇಬಜಾರಿನ ಹಿಂದಿನ ಓಣಿಯ ಒಬ್ಬ ಹಿರಿಯ ರಿಪೇರಿಗಾರರ ಹೆಸರು ಹೇಳಿದರು. ಹೋದರೆ ಬಾಗಿಲಿಗೆ ಕೀಲಿ. ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ವಾಚಿನ ಕೆಲಸದವರಿಗೆ ಡಾಕ್ಟರು ಕಣ್ಣು ಕಿರಿದು ಮಾಡಿ ನೋಡಬೇಡ ಎಂದರೆ ಏನು ಮಾಡಬೇಕು! ಇಪ್ಪತ್ಮೂರು ದಿನ ಕಾದೆ. ತಮ್ಮ ದಿನ ಬಿಟ್ಟು ದಿನ ಫೋನು ಮಾಡಿ "ಆ ಮನಷ್ಯಾ ಬ್ಯಾರೆ ವಾಚ್ ತಗೊಂಡಗಿಂಡಾನು" ಎಂದು ಅವಸರ ಮಾಡುತ್ತಿದ್ದ.

ಕೊನೆಗೆ ಅಂಗಡಿ ತೆರೆಯಿತು. ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಗೋಡೆಯ ತುಂಬ ಎಚ್‌ಎಂಟಿಗಳು. ಅವರ ಮಾತೃಭಾಷೆ ಮರಾಠಿ, ಕನ್ನಡ ನನಗಿಂತ ಚೆಂದ. ವಾಚನ್ನು ಕೈಗೆ ತೆಗೆದುಕೊಂಡವರು ಏನೂ ಹೇಳಲಿಲ್ಲ, ಮೊದಲು ಕಿವಿಗೆ ಹಿಡಿದರು. ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ರಬ್ಬರಿನ ಚೆಂಡೊಂದನ್ನು ಹಿಂದಿನ ಮುಚ್ಚಳಕ್ಕೆ ಒತ್ತಿ ತಿರುವಿದರು. ಮುಚ್ಚಳ ಗರ್ ಎಂದು ಬಿಟ್ಟಿತು. ಅಂಚಿನ ರಬ್ಬರು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಅದನ್ನು ಕಟ್ಟಿಗೆಯ ಕಡ್ಡಿಯಿಂದ ಒರೆಸಿ ತೆಗೆದು, ದೀಪ ಹತ್ತಿರ ಎಳೆದು, "ಬರ್ರಿ ಅಕ್ಕಾರ, ನೀವ ನೋಡ್ರಿ" ಎಂದರು.

ಒಳಗೆ ತೊಳೆದಿಟ್ಟ ತಾಮ್ರದ ತಂಬಿಗೆಯ ಬಣ್ಣ. ಅರವತ್ತೈದು ವರ್ಷದ ಕೊಳೆ ಹೊರಗೆ, ಒಳಗೆ ಈ ಬಣ್ಣ! ಒಮೆಗಾ ಕಂಪನಿ ಆ ಕಾಲದಲ್ಲಿ ತನ್ನ ಯಂತ್ರಗಳಿಗೆ ಕೊಡುತ್ತಿದ್ದ ಕೆಂಪು ಚಿನ್ನದ ಲೇಪ ಅದು. ಕಂಪನಿಯ ಹೆಸರು, ಯಂತ್ರದ ಮಾದರಿ ಹೇಳುವ 501 ಎಂಬ ಅಂಕಿ, ಅದರ ಪಕ್ಕ 16ರಿಂದ ಶುರುವಾಗುವ ಎಂಟು ಅಂಕಿಯ ನಂಬರು. ಕೆತ್ತನೆ ಎಷ್ಟು ಸಣ್ಣದು ಎಂದರೆ ಹತ್ತು ಪಟ್ಟು ದೊಡ್ಡದು ಮಾಡುವ ಗಾಜಿನಲ್ಲೂ ಅಕ್ಷರದ ಅಂಚು ಹರಿತವಾಗಿತ್ತು. "501 ಅಂದ್ರ ಐವತ್ತರ ದಶಕದ್ದು. 16 ಅಂದ್ರ 1958ರ ಆಜೂಬಾಜೂ. ನಿಮ್ಮ ಅಜ್ಜಾರು ಸುಳ್ಳ ಹೇಳಿಲ್ರಿ" ಎಂದರು. ನನಗೆ ಗಂಟಲು ಕಟ್ಟಿತು. ತಮ್ಮನಿಗೆ ಅಲ್ಲಿಂದಲೇ ಫೋನು ಮಾಡಹೊರಟೆ. ಅವರು ಕೈ ಅಡ್ಡ ಹಿಡಿದು, "ತಡೀರಿ, ಇನ್ನ ಇದರ ಮಾರಿ, ಡಯಲ್ ನೋಡಿಲ್ಲ" ಎಂದರು.

ಆ ಹೊತ್ತಿಗೆ ನನ್ನನ್ನು ಗಾಡಿಯ ಮೇಲೆ ಬಿಡಲು ಬಂದಿದ್ದ ಮಾಮಾನ ಮಗ ನಡುವೆ ಬಾಯಿ ಹಾಕಿದ. ಅವನ ಕೈಯಲ್ಲಿ ಫಳಫಳ ಹೊಳೆಯುವ ರೋಲೆಕ್ಸ್ ಸಬ್‌ಮರೀನರ್. ಫೋನಿನಲ್ಲಿ ಪರಿಚಯವಾದ ಒಬ್ಬನಿಂದ ಅರವತ್ತೈದು ಸಾವಿರಕ್ಕೆ ಕೊಂಡಿದ್ದ. ಹಸಿರು ಪೆಟ್ಟಿಗೆ, ಕಾರ್ಡು, ಪುಸ್ತಕ ಎಲ್ಲ ಇದ್ದವು. ಶೋರೂಮಿನಲ್ಲಿ ಹತ್ತು ಲಕ್ಷದ ಆಸುಪಾಸಿನ ವಾಚು ಅರವತ್ತೈದು ಸಾವಿರಕ್ಕೆ ಯಾಕೆ ಬಂತು ಎಂದು ಅವನಿಗೂ ಒಳಗೊಳಗೆ ಕೊರೆಯುತ್ತಿತ್ತು, ಕೇಳುವ ಧೈರ್ಯ ಇರಲಿಲ್ಲ. "ಇದನ್ನೂ ಒಂದ ಸಲ ನೋಡ್ರೆಲಾ ಕಾಕಾ."

ಕಾಕಾ ಅದನ್ನು ತೆರೆಯಲೂ ಇಲ್ಲ. ಮೇಜಿನ ಮೇಲೆ ಒಂದು ಪುಟ್ಟ ಯಂತ್ರವಿತ್ತು, ಟೈಮ್‌ಗ್ರಾಫರ್. ವಾಚನ್ನು ಅದರ ಹಿಡಿಕೆಗೆ ಸಿಕ್ಕಿಸಿದರೆ ಅದು ಮಿಡಿತ ಕೇಳಿ ಪರದೆಯ ಮೇಲೆ ಅಂಕಿ ತೋರಿಸುತ್ತದೆ. 21,600 ಎಂದು ಬಂತು. ಗಂಟೆಗೆ ಅಷ್ಟು ಮಿಡಿತ, ಅಂದರೆ ಸೆಕೆಂಡಿಗೆ ಆರು. ಈಗಿನ ಸಬ್‌ಮರೀನರ್ ಮಿಡಿಯಬೇಕಾದದ್ದು 28,800, ಸೆಕೆಂಡಿಗೆ ಎಂಟು. ಆಮೇಲೆ ಭೂತಗನ್ನಡಿ ಅವನ ಕೈಗೇ ಕೊಟ್ಟು ತಾರೀಖಿನ ಮೇಲಿನ ಗುಳ್ಳೆಗಾಜು ನೋಡಲು ಹೇಳಿದರು. ರೋಲೆಕ್ಸಿನದು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡಬೇಕು, ತಾರೀಖು ಕಿಟಕಿ ತುಂಬಿಕೊಂಡಿರಬೇಕು. ಇವನದರಲ್ಲಿ 17 ಎಂಬುದು ಸಂತೆಯಲ್ಲಿ ತಪ್ಪಿಸಿಕೊಂಡ ಕೂಸಿನ ಹಾಗೆ ನಡುವೆ ನಿಂತಿತ್ತು. ಕಾರ್ಡಿನ ಮೇಲಿದ್ದ ನಂಬರನ್ನು ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಅದೇ ನಂಬರಿನ ಇನ್ನೂ ಹಲವು ವಾಚುಗಳ ಫೋಟೋ ಸಿಕ್ಕವು. ಒಂದು ಮಾತು ನೆನಪಿಡಿ: ನಕಲಿ ಮಾಡುವವರಿಗೆ ಪೆಟ್ಟಿಗೆ, ಕಾರ್ಡು ಮಾಡುವುದು ವಾಚು ಮಾಡುವುದಕ್ಕಿಂತ ಸುಲಭ. "ಫಸ್ಟ್ ಕಾಪಿ", "ಸೆವೆನ್ ಎ" ಎಂದು ನಕಲಿಯ ದರ್ಜೆ ಹೇಳಿಯೇ ಮಾರುವವರು ಅಷ್ಟಾದರೂ ಪ್ರಾಮಾಣಿಕರು, ಇವನಿಗೆ ಮಾರಿದವನು ಅಸಲಿ ಎಂದೇ ಮಾರಿದ್ದ.

ಹುಡುಗನ ಮುಖ ಸಪ್ಪಗಾಯಿತು. ಮರುದಿನ "ಯಾರಿಗರ ದಾಟಿಸಿಬಿಡ್ತೀನಿ" ಎಂದ. ಬೇಡ ಎಂದೆ. ನಕಲಿ ಗುರುತು ಹಚ್ಚಿದ ಮಾಲು ಎಂದು ಗೊತ್ತಿದ್ದೂ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅಪರಾಧ, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲಿದೆ. ಫೋನಿನಲ್ಲಿ ದುಡ್ಡು ಕಳಿಸಿ ಮೋಸಹೋದವರು 1930 ನಂಬರಿಗೆ ತಕ್ಷಣ ಫೋನು ಮಾಡಬೇಕು. ದಿನ ಕಳೆದಷ್ಟೂ ದುಡ್ಡು ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ. ಇವನು ಕೊಂಡು ಐದು ತಿಂಗಳಾಗಿತ್ತು. ದೂರು ಕೊಟ್ಟಿದ್ದಾನೆ, ಇನ್ನೂ ಏನೂ ಆಗಿಲ್ಲ.

ಅದೇ ಯಂತ್ರಕ್ಕೆ ಅಜ್ಜನ ವಾಚು ಸಿಕ್ಕಿಸಿದಾಗ ಬಂದದ್ದು 19,800. ನಾನು ಗಾಬರಿಯಾದೆ, ಇದು ಅದಕ್ಕಿಂತಲೂ ಕಡಿಮೆ! ಕಾಕಾ ನಕ್ಕರು. 501ಕ್ಕೆ ಅದೇ ಸರಿಯಾದ ಲೆಕ್ಕವಂತೆ. ಅಂಕಿ ದೊಡ್ಡದಿರಬೇಕು ಅಂತಿಲ್ಲ, ಆ ಯಂತ್ರಕ್ಕೆ ಎಷ್ಟಿರಬೇಕೋ ಅಷ್ಟಿರಬೇಕು. ಟೈಮ್‌ಗ್ರಾಫರ್ ಇಲ್ಲದವರು ಫೋನಿನ ಸ್ಲೋ ಮೋಷನ್ನಿನಲ್ಲಿ ಸೆಕೆಂಡಿನ ಮುಳ್ಳಿನ ವಿಡಿಯೋ ಮಾಡಿ ಒಂದು ಸೆಕೆಂಡಿಗೆ ಎಷ್ಟು ಸಲ ಹೆಜ್ಜೆ ಇಡುತ್ತದೆ ಎಂದು ಎಣಿಸಬಹುದು. ನಾನು ಎಣಿಸಿ ನೋಡಿದ್ದೇನೆ, ತಾಳ್ಮೆ ಇದ್ದರೆ ಆಗುತ್ತದೆ.

ಆಮೇಲೆ ವಾಚಿನ ಮಾರಿ. ನಮ್ಮ ವಾಚಿನ ಡಯಲ್ ಕಪ್ಪು, ಕನ್ನಡಿಯ ಹಾಗೆ ನುಣುಪು. ಬಾಲ್ಯದಿಂದ ನೋಡಿದ್ದೇ ಅದನ್ನು, ಅದಕ್ಕಿಂತ ಚೆಂದದ್ದು ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಭೂತಗನ್ನಡಿಯಲ್ಲಿ ನೋಡಿದರೆ ಬೇರೆಯೇ ಲೋಕ. ಸೀಮಾಸ್ಟರ್ ಎಂಬ ಬರಹದ ಇಂಗ್ಲಿಷ್ ಎಸ್ ಅಕ್ಷರದ ಹೊಟ್ಟೆ ಒಂದು ಕಡೆ ಉಬ್ಬಿದೆ. ನಿಮಿಷದ ಗೆರೆಗಳಲ್ಲಿ ಕೆಲವು ದಪ್ಪ, ಕೆಲವು ತೆಳ್ಳಗೆ, 4ರ ಹತ್ತಿರದ್ದೊಂದು ಅಂಚಿನಿಂದ ಆಚೆ ಜಾರಿದೆ. ಕಂಪನಿಯ ಚಿಹ್ನೆಯನ್ನು ಬಣ್ಣದಲ್ಲಿ ಬರೆದಿದ್ದಾರೆ. ಕಾಕಾ ದೀಪ ಆರಿಸಿ ಒಂದು ನಿಮಿಷ ಟಾರ್ಚು ಹಿಡಿದು ತೆಗೆದರು. ಅಂಕಿಗಳ ಮೇಲಿನ ಚುಕ್ಕೆಗಳು ಹಸಿರಾಗಿ ಜಗ್ಗನೆ ಬೆಳಗಿದವು. ಚಿಕ್ಕವರಿದ್ದಾಗ ಕಂಬಳಿಯೊಳಗೆ ತಲೆ ಹಾಕಿ ನಾನೂ ತಮ್ಮನೂ ನೋಡುತ್ತಿದ್ದ ಅದೇ ಬೆಳಕು.

"ಇದ ನಿಮ್ಮ ವಾಚಿಗೆ ಮುಳುವಾತು" ಎಂದರು ಕಾಕಾ. 1958ರ ಹೊತ್ತಿನಲ್ಲಿ ಹೊಳಪಿಗೆ ಹಚ್ಚುತ್ತಿದ್ದದ್ದು ರೇಡಿಯಂ. ಅದರ ಜೊತೆ ಬೆರೆಸಿದ ಪುಡಿ ಕೆಲವು ದಶಕದಲ್ಲಿ ಸುಟ್ಟುಹೋಗಿ ಹೊಳಪು ಸತ್ತುಹೋಗುತ್ತದೆ. ಆಮೇಲೆ ಬಂದದ್ದು ಟ್ರಿಟಿಯಂ, ಅದರ ಶಕ್ತಿ ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧಕ್ಕಿಳಿಯುತ್ತದೆ. ಟ್ರಿಟಿಯಂ ಇದ್ದ ವಾಚುಗಳಲ್ಲಿ ಸಾಮಾನ್ಯವಾಗಿ 6ರ ಕೆಳಗೆ ಸ್ವಿಸ್ ಮೇಡ್ ಎಂಬ ಬರಹದ ಎರಡೂ ಕಡೆ ಟಿ ಎಂಬ ಅಕ್ಷರ ಇರುತ್ತದೆ. ನಮ್ಮದರಲ್ಲೂ ಇತ್ತು! 1958ರ ಯಂತ್ರದ ಮೇಲೆ ಅರವತ್ತರ ದಶಕದ ಗುರುತು, ಅದರ ಮೇಲೆ ನಿನ್ನೆ ಮೊನ್ನೆ ಹಚ್ಚಿದಂತೆ ಹೊಳೆಯುವ ಬಣ್ಣ. ಮೂರೂ ಕೂಡಲಿಕ್ಕೆ ಸಾಧ್ಯವಿಲ್ಲ. ಯಾರೋ ಹಳೆಯ ಡಯಲ್ ಕೆರೆದು ಹೊಸದು ಬರೆದಿದ್ದಾರೆ. ಕೀಲಿ ಕೊಡುವ ತಿರುಪೂ ಕಂಪನಿಯದಲ್ಲ, ಅದರ ಮೇಲೆ ಚಿಹ್ನೆಯೇ ಇಲ್ಲ. (ಹಳೆಯ ವಾಚಿನ ಡಯಲನ್ನು ಮನೆಯಲ್ಲಿ ಕೆರೆಯಲು ಹೋಗಬೇಡಿ. ರೇಡಿಯಂ ಪುಡಿ ಒಳಗೆ ಹೋದರೆ ಮೈಗೆ ಒಳ್ಳೆಯದಲ್ಲ.)

ಇಂಥವಕ್ಕೆ ಸಂಗ್ರಹಕಾರರು ಮುಂಬೈ ಸ್ಪೆಷಲ್ ಎನ್ನುತ್ತಾರಂತೆ. 2016ರಲ್ಲಿ ಎಚ್‌ಎಂಟಿಯ ವಾಚು ಕಂಪನಿ ಮುಚ್ಚುವುದೆಂದು ತೀರ್ಮಾನವಾದ ಮೇಲೆ ಅದರ ಜನತಾ, ಪೈಲಟ್ ವಾಚುಗಳಿಗೂ ಇದೇ ಗತಿ ಬಂದಿದೆ ಎಂದು ಕಾಕಾ ಗೋಡೆಯ ಮೇಲಿನ ಒಂದು ಕೇಸರಿ ಡಯಲಿನ ಜನತಾ ತೋರಿಸಿದರು. ನಾನು ಪೆಚ್ಚಾಗಿ ಕೂತದ್ದು ನೋಡಿ ಸಮಾಧಾನಕ್ಕೆ ಒಂದು ಕತೆ ಹೇಳಿದರು. ನಂಬಲಿಲ್ಲ, ಆಮೇಲೆ ಹುಡುಕಿ ಓದಿದೆ, ನಿಜ. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಮ್ಮಿಗೆ. 2023ರಲ್ಲಿ ನೋಡಿದರೆ ಅದು ಬೇರೆ ಬೇರೆ ವಾಚಿನ ಭಾಗ ಕೂಡಿಸಿ ಮಾಡಿದ್ದು ಎಂದು ಗೊತ್ತಾಯಿತು. ಮಾಡಿದ ಕಂಪನಿಯೇ ಮೋಸಹೋದ ಮೇಲೆ ಶಹಾಪುರದ ನಮ್ಮದೇನು. ಆ ದಿನ ಕಾಕಾ ತೆಗೆದುಕೊಂಡದ್ದು 300 ರೂಪಾಯಿ.

ತಮ್ಮ ಒಪ್ಪಲಿಲ್ಲ. "ಓಣ್ಯಾಗಿನ ರಿಪೇರಿಯವ ಹೇಳಿದ್ದನ್ನ ಯಾರು ಕೇಳ್ತಾರ ಅಕ್ಕಾ, ಬರದು ಕೊಟ್ಟದ್ದು ಬೇಕು." ಸರಿ, ಎರಡು ದಿನ ರಜೆ ಹಾಕಿ ರಾಣಿ ಚೆನ್ನಮ್ಮ ರೈಲು ಹತ್ತಿದೆ. ವಾಚನ್ನು ಪರ್ಸಿನಲ್ಲಿಡಲು ಧೈರ್ಯ ಸಾಲದೆ ಅರಿವೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದೆ. ಮಲಗಿದೆ ಎಂದು ಹೇಳುವುದಷ್ಟೇ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಎಲ್ಲ ಸ್ಟೇಷನ್ನಿನ ಚಹಾದವರ ದನಿ ಕೇಳಿದೆ.

ಬೆಂಗಳೂರಿನ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ತಣ್ಣನೆಯ ಎಸಿ, ಬಿಳಿ ಕೈಗವಸು ಹಾಕಿಕೊಂಡ ಹುಡುಗಿ. ಬಿಲ್ಲು ಕೇಳಿದಳು, ಇಲ್ಲವೆಂದೆ. ಆಧಾರ್ ಪ್ರತಿ ಕೊಟ್ಟೆ, ಮನೆತನದಿಂದ ಬಂದದ್ದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿದೆ. ಇಲ್ಲಿ ಒಂದು ಬುದ್ಧಿವಂತಿಕೆ ಮಾಡಿದೆ, ಕಾಕಾ ಹೇಳಿಕೊಟ್ಟದ್ದು: ನಾನು ಒಪ್ಪದೆ ಯಾವ ಭಾಗವನ್ನೂ ಬದಲಿಸಬಾರದು, ಪಾಲಿಶ್ ಮಾಡಬಾರದು, ತೆಗೆದದ್ದೇನಾದರೂ ಇದ್ದರೆ ವಾಪಸು ಕೊಡಬೇಕು ಎಂದು ರಸೀದಿಯ ಮೇಲೇ ಬರೆಸಿದೆ. ಹಳೆಯ ವಾಚಿಗೆ ಉಜ್ಜಿ ಹೊಳಪು ಕೊಟ್ಟರೆ ಅಂಚು ಸವೆದು ಬೆಲೆ ಇಳಿಯುತ್ತದೆ. ಮುಚ್ಚಳ ತೆಗೆಯುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ನೀವೇ ತೆಗೆದಿಟ್ಟುಕೊಳ್ಳಿ, ಒಳಗಿನ ನಂಬರಿನದೂ.

ಹದಿನೇಳು ದಿನ ಕಾದ ಮೇಲೆ ಇಮೇಲು ಬಂತು. ಯಂತ್ರ ಮತ್ತು ಕವಚ ಕಂಪನಿಯವು, ಡಯಲ್, ಮುಳ್ಳು, ತಿರುಪು ಕಂಪನಿಯವಲ್ಲ. ಸರಿಪಡಿಸಬೇಕೆಂದರೆ ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಕಾರ್ಖಾನೆಗೆ ಕಳಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಖರ್ಚಿನ ಅಂದಾಜು ನೋಡಿ ಫೋನು ಕೆಳಗಿಟ್ಟೆ, ಅಷ್ಟಕ್ಕೆ ಇನ್ನೊಂದು ಸೀಮಾಸ್ಟರೇ ಬರುತ್ತದೆ. ವಾಚಿನ ಬೆಲೆ ಎಷ್ಟು ಎಂದು ಅವರು ಬರೆಯುವುದಿಲ್ಲ, ಅದು ಅವರ ಕೆಲಸವಲ್ಲ. ತರಲು ಮತ್ತೊಮ್ಮೆ ಹೋಗಿಬಂದೆ. ಎರಡು ಸಲದ ರೈಲು, ಆಟೋ, ಊಟ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಕಾಕಾ 300 ರೂಪಾಯಿಗೆ ಹೇಳಿದ್ದನ್ನೇ ಅವರೂ ಹೇಳಿದರು, ಮುಳ್ಳಿನ ಮಾತೊಂದು ಹೆಚ್ಚು.

ಯಾರು ಯಾವಾಗ ಬದಲಿಸಿದರು ಎಂಬುದೇ ನನ್ನ ತಲೆ ತಿನ್ನುತ್ತಿತ್ತು. ರಿಪೇರಿಗೆ ಕೊಟ್ಟಾಗ ಯಾರೋ ಅಪ್ಪನಿಗೆ ಮೋಸ ಮಾಡಿದ್ದಾರೆ ಎಂದೇ ನಂಬಿದ್ದೆ, ಯಾರೆಂದು ತಿಳಿಯದೆಯೇ ಅವನ ಮೇಲೆ ಸಿಟ್ಟೂ ಮಾಡಿಕೊಂಡಿದ್ದೆ. ಒಂದು ಸಂಜೆ ಅಪ್ಪ ಅವ್ವನ ಮದುವೆಯ ಆಲ್ಬಮ್ ತೆಗೆದೆ. 1976ರದ್ದು, ಕಪ್ಪು ಬಿಳುಪು. ಅಕ್ಷತೆ ಹಿಡಿದ ಅಪ್ಪನ ಮಣಿಕಟ್ಟಿಗೆ ಫೋನಿನ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿದೆ. ಡಯಲ್ ಬೆಳ್ಳಗಿತ್ತು. ಕಪ್ಪಲ್ಲ, ಬೆಳ್ಳಗೆ, ಅದರ ಮೇಲೆ ಕಂದಿದ ಕಲೆಗಳು. ಬೆಲೆಬಾಳುವ ಹಳೆಯ ವಾಚಿರುವವರು ಬಿಲ್ಲಿಗಿಂತ ಮೊದಲು ಹಳೆಯ ಫೋಟೋ ಹುಡುಕಿ, ಅದಕ್ಕಿಂತ ಒಳ್ಳೆಯ ಕಾಗದ ಪತ್ರ ಸಿಗಲಿಕ್ಕಿಲ್ಲ.

ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ವಾಚನ್ನಲ್ಲ, ಅಪ್ಪನನ್ನು. ಆಮೇಲೆ, "ನಿಮ್ಮ ಸಣ್ಣ ಕಾಕಾನ ಮದವಿಗೆ ಹೊಸಾದು ಮಾಡಿಸಿದ್ರಲ್ಲ" ಎಂದಳು.

"ಯಾರು?"

"ನಿಮ್ಮಪ್ಪಾರ. ಮಾರಿ ಎಲ್ಲಾ ಕಲಿ ಬಿದ್ದಿತ್ತು. ಬೊಂಬಾಯಿಗೆ ಹೋಗಾವ್ರ ಕೈಯಾಗ ಕೊಟ್ಟು ಕಳಿಸಿದ್ರು. ಬಂದ ದಿನಾ ನಿಮ್ಮಿಬ್ಬರನ್ನೂ ಕಂಬಳ್ಯಾಗ ಹೊಗಿಸಿ ತೋರಿಸಿದ್ರು, ನೆನಪಿಲ್ಲೇನ?"

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲವ್ವಾ?"

"ನೀವು ಒರಿಜಿನಲ್ ಐತೇನು ಅಂತ ಕೇಳಿದ್ರಿ. ಒರಿಜಿನಲ್ ಇತ್ತು. ಹೊಸಾದು ಮಾಡಿಸ್ಯಾರೇನು ಅಂತ ಯಾರು ಕೇಳಿದ್ರಿ?"

ಮನೆಯಲ್ಲೇ ಇದ್ದ ಉತ್ತರಕ್ಕೆ ಬೆಂಗಳೂರಿಗೆ ಎರಡು ಸಲ ಹೋಗಿದ್ದೆ. ನೀವು ಹೊರಡುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು, ರಿಪೇರಿಗೆ ಯಾವಾಗ ಕೊಟ್ಟಿದ್ದಿರಿ, ಏನೇನು ಬದಲಿಸಿದರು ಎಂದು ಬಿಡಿಸಿ ಬಿಡಿಸಿ ಕೇಳಿ.

ಪುಣೆಯ ಆಸಾಮಿ ತೊಂಬತ್ತರಿಂದ ಇಪ್ಪತ್ತೆಂಟು ಸಾವಿರಕ್ಕೆ ಇಳಿದ. ಅವನದು ತಪ್ಪೆಂದು ನಾನು ಹೇಳುವುದಿಲ್ಲ, ಸಂಗ್ರಹಕಾರರಿಗೆ ಡಯಲೇ ಬೆಲೆಯ ದೊಡ್ಡ ಪಾಲು. ತಮ್ಮ ಎರಡು ದಿನ ಸುಮ್ಮನಿದ್ದು "ಇರಲಿ ಬಿಡಕ್ಕಾ" ಎಂದ. ಕಾಕಾನ ಹತ್ತಿರ ಎಣ್ಣೆ ಹಾಕಿಸಿ, ಹೊಸ ರಬ್ಬರು ಕೂರಿಸಿದೆ, 1,800 ರೂಪಾಯಿ. ಡಯಲ್ ಹಾಗೇ ಇದೆ. ದಿನಕ್ಕೆ ಇಪ್ಪತ್ತು ಸೆಕೆಂಡು ಮುಂದೆ ಓಡುತ್ತದೆ, ವಯಸ್ಸಿಗೆ ಅದು ಹೆಚ್ಚೇನಲ್ಲ ಎಂದರು ಕಾಕಾ.

ನಿನ್ನೆ ಒಂದು ಚೀಟಿ ಬರೆದು ಕುಂದಾದ ಡಬ್ಬಿಯೊಳಗೆ ಇಟ್ಟೆ. ಯಂತ್ರ ಅಸಲಿ, ಕವಚ ಅಸಲಿ, ಒಳಗಿನ ನಂಬರು ಇಂಥದು. ಡಯಲ್, ಮುಳ್ಳು, ತಿರುಪು ಕಂಪನಿಯವಲ್ಲ, 1987ರಲ್ಲಿ ಅಪ್ಪ ಮಾಡಿಸಿದ್ದು. ಅವ್ವನಿಗೆ ಓದಿ ಹೇಳಿದೆ.

"ನೂರಾ ಎಂಬತ್ತು ರೂಪಾಯಿ ಕೊಟ್ಟಿದ್ರು" ಎಂದಳು. "ಅದನ್ನೂ ಬರಿ."